ಆರನೇ ಮಂಚದ ಫಾರಂ

ಕೊಟ್ರಬಸಮ್ಮ ಸಿಸ್ಟರ್ ಬಗ್ಗೆ ಯಾರಾದರೂ ನಾಲ್ಕು ಸಾಲು ಬರೆದಾರು ಅಂತ ಬಹಳ ವರ್ಷ ಕಾದೆ. ಯಾರೂ ಬರೆಯಲಿಲ್ಲ. ನರ್ಸುಗಳ ಬಗ್ಗೆ ಯಾರು ಬರೀತಾರೆ ಹೇಳಿ? ಡಾಕ್ಟರು ನಿವೃತ್ತಿಯಾದರೆ ಶಾಲು, ಹಾರ, ಪೇಪರಿನಲ್ಲಿ ಫೋಟೊ. ಸಿಸ್ಟರು ನಿವೃತ್ತಿಯಾದರೆ ಒಂದು ಗೋಡೆ ಗಡಿಯಾರ, ಅದೂ ಮೂರು ತಿಂಗಳಿಗೆ ನಿಂತುಹೋಗುವಂಥದ್ದು. ಹಾಗಾಗಿ ಕೊನೆಗೆ ನಾನೇ ಕೂತಿದ್ದೇನೆ. ನಾನು ಪಾಲಾಕ್ಷಪ್ಪ, ಅದೇ ಆಸ್ಪತ್ರೆಯಲ್ಲಿ ರೋಗಿಗಳ ಫೈಲು ನೋಡಿಕೊಳ್ಳುತ್ತಿದ್ದ ಗುಮಾಸ್ತ. ಹೆಸರು ಬರೆದು, ನಂಬರು ಹಾಕಿ, ಕಪಾಟಿಗೆ ತುರುಕುವುದು ಬಿಟ್ಟರೆ ಬೇರೆ ಬರವಣಿಗೆ ನನಗೆ ಗೊತ್ತಿಲ್ಲ. ಆದರೆ ಈ ಕಥೆಯಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ಯಾರ ಮುಂದೆಯೂ ಹೇಳದೆ ಇಷ್ಟು ವರ್ಷ ಓಡಾಡಿದ್ದೇನೆ, ಇನ್ನು ಆಗುವುದಿಲ್ಲ.

ಆಸ್ಪತ್ರೆಯ ಹೆಸರು ಬೇಡ. ಹರಪನಹಳ್ಳಿಯಿಂದ ಹಡಗಲಿ ಕಡೆ ಹೋಗುವ ರಸ್ತೆಯಲ್ಲಿ ನಾಲ್ಕು ಜನ ವ್ಯಾಪಾರಸ್ಥರು ಸೇರಿ ಕಟ್ಟಿಸಿದ ಮೂವತ್ತು ಮಂಚದ ಧರ್ಮದ ಆಸ್ಪತ್ರೆ ಅದು. ಈಗ ಅಲ್ಲಿ ಆಸ್ಪತ್ರೆ ಇಲ್ಲ, ಮದುವೆ ಮಂಟಪ ಇದೆ. ಹೆಂಗಸರ ವಾರ್ಡು ಇದ್ದ ಜಾಗದಲ್ಲಿ ಈಗ ಪಂಕ್ತಿ ಹಾಕಿ ಬಡಿಸುತ್ತಾರೆ. ನಾನು ಆ ಮಂಟಪದ ಮದುವೆಗೆ ಹೋದರೆ ಅಕ್ಷತೆ ಹಾಕಿ ಬರುತ್ತೇನೆ, ಊಟಕ್ಕೆ ಕೂರುವುದಿಲ್ಲ. ಹೆಂಡತಿ ಬೈಯುತ್ತಾಳೆ. ಬೈಯಲಿ.

ಸಿಸ್ಟರ್ ಕೊಟ್ಟೂರಿನವರು. ಅವರ ಅಪ್ಪ ಉಜ್ಜಿನಪ್ಪ ಅಲ್ಲಿನ ಶೇಂಗಾ ಮಾರುಕಟ್ಟೆಯಲ್ಲಿ ತೂಕ ಹಾಕುತ್ತಿದ್ದರು. ತಾಯಿ ಇಲ್ಲದ ಮಗಳು ದಿನಾ ಶಾಲೆ ಬಿಟ್ಟ ಮೇಲೆ ಅಪ್ಪನ ತಕ್ಕಡಿ ಪಕ್ಕದಲ್ಲೇ ಕೂತು ಬೆಳೆದಳು. ಚೀಲ ಗಾಡಿಯಿಂದ ಇಳಿಯುವಾಗಲೇ "ಅಪ್ಪಾ, ಮೂವತ್ತೆಂಟು" ಅನ್ನುವಳಂತೆ, ಮುಳ್ಳು ಅಲ್ಲೇ ನಿಲ್ಲುತ್ತಿತ್ತಂತೆ. ಮುಂದೆ ಬಳ್ಳಾರಿಯಲ್ಲಿ ನರ್ಸ್ ತರಬೇತಿ ಆಯಿತು, ಮದುವೆ ಆಯಿತು, ಗಂಡ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ನಮ್ಮ ಆಸ್ಪತ್ರೆಗೆ ಬಂದಾಗ ಅವರಿಗೆ ನಲವತ್ತು. ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು. ಬಾಯಿ ಜೋರು, ಕೈ ಮೆತ್ತಗೆ. ಇಂಜೆಕ್ಷನ್ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ, ಬೈದದ್ದು ಎರಡು ದಿನ ನೆನಪಿರುತ್ತಿತ್ತು.

ಮತ್ತೆ ಆ ಕಣ್ಣು. ಶೇಂಗಾ ಚೀಲ ತೂಗಿದ ಕಣ್ಣು ಈಗ ಮನುಷ್ಯರನ್ನು ತೂಗುತ್ತಿತ್ತು. ರೋಗಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಸಿಸ್ಟರ್ ನನ್ನ ಕಡೆ ತಿರುಗಿ "ನಲವತ್ತೆರಡು" ಅನ್ನುವರು. ನಾನು "ಇಲ್ಲ ಬಿಡ್ರಿ, ನಲವತ್ತಾರು ಅದಾರ" ಅನ್ನುವೆ. ಒಂದು ಚಹಾ ಪಂದ್ಯ. ರೋಗಿಯನ್ನು ತೂಕದ ಮಷಿನ್ ಮೇಲೆ ನಿಲ್ಲಿಸಿದರೆ ನಲವತ್ತೆರಡೂವರೆ. ನಾನು ಸಿಸ್ಟರಿಗೆ ಕುಡಿಸಿದ ಚಹಾದಲ್ಲಿ ಒಂದು ಕೆರೆ ತುಂಬುತ್ತಿತ್ತು. ಸೋತಿದ್ದಕ್ಕೆ ನನಗೆ ಬೇಸರ ಇರಲಿಲ್ಲ. ಅವರು ಗೆದ್ದಾಗ ನಗುತ್ತಿದ್ದರಲ್ಲ, ಆ ನಗು ನೋಡುವುದು ನನಗೆ ಇಷ್ಟ ಇತ್ತು.

ಎರಡು ಸಾವಿರದ ಒಂದನೇ ಇಸವಿಯಲ್ಲಿ ದಾವಣಗೆರೆಯಿಂದ ಡಾಕ್ಟರ್ ಸೋಮಶೇಖರ್ ಅಂತ ಒಬ್ಬರು ಬಂದರು. ಸಣ್ಣ ವಯಸ್ಸು, ಇಸ್ತ್ರಿ ಮುರಿಯದ ಅಂಗಿ, ಎಲ್ಲದಕ್ಕೂ ಒಂದು ಫಾರಂ. ಅವರು ತಂದ ಫಾರಮ್ಮುಗಳಲ್ಲಿ ಒಂದು ಊಟದ್ದು. ರೋಗಿ ಸೇರಿದ ದಿನವೇ ಸಿಸ್ಟರುಗಳು ತುಂಬಬೇಕು. ಈಗಿನ ತೂಕ, ಎತ್ತರ ಎಷ್ಟು? ಮೂರು ತಿಂಗಳಲ್ಲಿ ತೂಕ ಇಳಿದಿದೆಯಾ? ಈ ವಾರ ಊಟ ಕಡಿಮೆಯಾಗಿದೆಯಾ? ರೋಗ ಎಷ್ಟು ಜೋರು? "ಮೈಯಲ್ಲಿ ಕಸುವಿಲ್ಲದೆ ಇರೋರನ್ನ ಕೊಯ್ದರೆ ಹೊಲಿಗೆ ಕೂಡಲ್ಲ. ಮೊದಲೇ ಗೊತ್ತಾದ್ರೆ ಹದಿನೈದು ದಿನ ಉಣಿಸಿ ಆಮೇಲೆ ಆಪರೇಷನ್ ಮಾಡಬಹುದು" ಅಂತ ಮೀಟಿಂಗಿನಲ್ಲಿ ಹೇಳಿದರು. "ತೆಳ್ಳಗಿರೋರನ್ನ ಹುಡುಕಬೇಡಿ, ತೆಳ್ಳಗಾದೋರನ್ನ ಹುಡುಕಿ" ಅಂತಲೂ ಹೇಳಿದರು. ಆ ಮಾತು ನನಗೆ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು. ಸಿಸ್ಟರ್ ಕಿವಿಯಲ್ಲಿ ಹೊಕ್ಕಿತೋ ಇಲ್ಲವೋ ಗೊತ್ತಿಲ್ಲ.

ಡಾಕ್ಟರಿಗೆ ಇನ್ನೊಂದು ಚಟ, ಪರೀಕ್ಷೆ ಮಾಡುವುದು. ಮೂರು ಜನ ಸಿಸ್ಟರುಗಳ ಇಪ್ಪತ್ತಿಪ್ಪತ್ತು ಫಾರಂ ತೆಗೆದುಕೊಂಡು, ಅದೇ ಮಂಚಗಳ ಹತ್ತಿರ ಹೋಗಿ, ಅವೇ ಪ್ರಶ್ನೆ ತಾವೂ ಕೇಳಿ, ತಾಳೆ ನೋಡಿದರು. ಲೆಕ್ಕ ಹಾಕಿದವನು ನಾನೇ. ಇಬ್ಬರದು ಹದಿಮೂರು, ಹದಿನಾಲ್ಕು ಸರಿ ಬಂತು. ಕೊಟ್ರಬಸಮ್ಮ ಸಿಸ್ಟರದು ಇಪ್ಪತ್ತಕ್ಕೆ ಇಪ್ಪತ್ತು. ಡಾಕ್ಟರು ಎಲ್ಲರ ಮುಂದೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವತ್ತು ಸಿಸ್ಟರು ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು.

ಈಗ ಯೋಚಿಸಿದರೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಡಾಕ್ಟರು ಕೇಳಿದ್ದೂ ಅದೇ ಮನೆಯವರ ಮುಂದೆ. ನಮ್ಮ ಸೀಮೆಯಲ್ಲಿ ಮನೆಯವರು ಮಂಚದ ಕಾಲಿಗೆ ಒರಗಿ ನಿಂತಿರುವಾಗ ಯಾವ ಹೆಂಗಸು ತಾನೆ "ನನಗೆ ಊಟ ಸೇರುತ್ತಿಲ್ಲ, ನಾನು ಇಳಿದುಹೋಗಿದ್ದೇನೆ" ಅಂತ ಪರಸ್ಥಳದವರಿಗೆ ಹೇಳುತ್ತಾಳೆ? ಹೇಳಿದರೆ ಉಣಬಡಿಸುವ ಕೈಗೆ ಮಸಿ ಬಳಿದ ಹಾಗೆ. ಸಿಸ್ಟರಿಗೆ ಹೇಳಿದ ಸುಳ್ಳನ್ನೇ ರೋಗಿಗಳು ಡಾಕ್ಟರಿಗೂ ಹೇಳಿದರು. ಎರಡು ಸುಳ್ಳು ಒಂದಕ್ಕೊಂದು ಸರಿಹೊಂದಿದವು. ನಾವು ಅದಕ್ಕೆ ಚಪ್ಪಾಳೆ ತಟ್ಟಿ ಭಜಿ ತಿಂದೆವು.

ಆ ವರ್ಷ ಶ್ರಾವಣದ ಹೊತ್ತಿಗೆ ಹಲವಾಗಲಿನಿಂದ ಗಾದೆಮ್ಮ ಅನ್ನುವ ಹೆಂಗಸು ಬಂದಳು. ಐವತ್ತೈದರ ವಿಧವೆ, ಅಗಲವಾದ ಭುಜ, ದೊಡ್ಡ ಎಲುಬಿನ ಮೈ. ಹೊಕ್ಕುಳದ ಹತ್ತಿರ ಹರ್ನಿಯಾ ಗಡ್ಡೆಯಾಗಿ ಉಬ್ಬಿತ್ತು. ಅವಸರದ್ದೇನಲ್ಲ, ನಾಲ್ಕನೇ ದಿನಕ್ಕೆ ಆಪರೇಷನ್ ಅಂತ ನಿಗದಿಯಾಯಿತು. ಮಗ ಗಂಗಪ್ಪ ಸೇರಿಸಿ ಹೊಲಕ್ಕೆ ಹೋದ. ಜೊತೆಗೆ ಉಳಿದವಳು ಸೊಸೆ ಮಾಳಮ್ಮ, ಆರು ತಿಂಗಳ ಬಸುರಿ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಸಿಸ್ಟರು ಬಾಗಿಲಲ್ಲೇ ನನಗೆ "ಐವತ್ತಾರು" ಅಂದರು. ಮುಳ್ಳು ಐವತ್ತಾರೂವರೆಗೆ ನಿಂತಿತು. ನಾನು ಚಹಾ ತರಿಸಿದೆ.

ಆರನೇ ಮಂಚದ ಮುಂದೆ ನಿಂತು ಸಿಸ್ಟರು ಫಾರಂ ತೆರೆದರು. ಮಾಳಮ್ಮ ಬುತ್ತಿ ಗಂಟು ಹಿಡಿದು ಪಕ್ಕದಲ್ಲೇ ಇದ್ದಳು.

"ಏನವ್ವಾ, ಈ ಮೂರು ತಿಂಗಳಾಗ ಮೈ ಇಳದೈತೇನು?"

"ಎಲ್ಲಿ ಇಳಿಯೋದ್ರಿ? ನನ್ನ ಸೊಸಿ ಇಳೀಗೊಡ್ತಾಳೇನು? ಉಣಿಸಿ ಉಣಿಸಿ ಇಟ್ಟಾಳ" ಅಂದಳು ಗಾದೆಮ್ಮ. ಸುತ್ತಲ ಮಂಚದವರು ನಕ್ಕರು, ಮಾಳಮ್ಮ ನಾಚಿ ಸೆರಗು ಕಚ್ಚಿದಳು. ಸಿಸ್ಟರೂ ನಕ್ಕು ಎರಡೂ ಪ್ರಶ್ನೆಗೆ "ಇಲ್ಲ" ಅಂತ ಗುರುತು ಹಾಕಿದರು. ಐವತ್ತಾರು ಕಿಲೋದ ಹೆಂಗಸನ್ನು ನೋಡಿ ಯಾರು ಹಸಿದಿದ್ದಾಳೆ ಅಂದಾರು?

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ, ಒಂದು ವರ್ಷದ ಮೇಲೆ ಸಿಸ್ಟರೇ ನನಗೆ ಹೇಳಿದ್ದು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಮಾಳಮ್ಮ ಬಟ್ಟೆ ಒಗೆಯಲು ಹಿಂದೆ ಹೋಗಿದ್ದಳು. ಸಿಸ್ಟರು ಗಾದೆಮ್ಮನ ಬಟ್ಟೆ ಬಿಚ್ಚಿಸಿ ಆಸ್ಪತ್ರೆಯ ಗೌನು ಹಾಕಿಸಿದರು. ಬಿಚ್ಚಿದ ಕುಬಸ ಮಡಚುವಾಗ ಕೈಗೆ ಗಂಟುಗಂಟು ಹತ್ತಿತು. ತಿರುವಿ ನೋಡಿದರೆ ಎರಡೂ ಪಕ್ಕಕ್ಕೆ ಕರೀ ದಾರದಲ್ಲಿ ಮೂರು ಸಾಲು ಕೈಹೊಲಿಗೆ. ಮೊದಲು ಒಂದು ಸಾಲು ಹಾಕಿ ಬಿಗಿ ಮಾಡಿದ್ದು, ಅದೂ ಸಡಿಲಾದ ಮೇಲೆ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಅಂಗೈ ಅಗಲದ ಬಟ್ಟೆ ಒಳಗೆ ಮಡಚಿಹೋಗಿತ್ತು. ಸಿಸ್ಟರು ಕುಬಸ ಹಿಡಿದುಕೊಂಡೇ ಮಂಚದ ಅಂಚಿಗೆ ಕೂತರಂತೆ.

"ಗಾದೆವ್ವಾ, ಖರೇ ಹೇಳು. ಎಷ್ಟು ದಿನ ಆತು ಉಂಡು?"

ಗಾದೆಮ್ಮ ಬಾಗಿಲ ಕಡೆ ನೋಡಿದಳು, ಸೊಸೆ ಬರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡಳು.

"ಉಂಡ್ರ ಹೊಕ್ಕಳದಾಗ ಹಿಡಕಂತೈತ್ರಿ ಅವ್ವಾ. ಎಲ್ಡು ತುತ್ತಿಗೆ ಜೀವ ಹೋದಂಗಾಗತೈತಿ. ನಾ ಉಣ್ಣಲಿಲ್ಲಂದ್ರ ಆ ಹುಡಿಗಿ ಉಣ್ಣಲ್ಲ. ಅತ್ತಿಗಿಂತ ಮೊದ್ಲು ಉಣಬಾರದಂತ ಅವರವ್ವ ಹೇಳಿ ಕಳಿಸ್ಯಾಳ. ಬಸುರಿ ಹೆಂಗಸು, ನನ್ನ ಸಲುವಾಗಿ ಉಪಾಸ ಕುಂತ್ರ ಹೆಂಗ್ರಿ? ಅದಕ ಗಂಗಾಳ ಹಿತ್ತಲಕ ಒಯ್ದು ಎಮ್ಮಿ ಮುಂದ ಸುರುವಿ, ತೊಳಕಂಡು ಒಳಗ ಬರ್ತಿದ್ದೆ. ನಂದಾತು, ನೀ ಉಣ್ಣು ಅಂತಿದ್ದೆ."

"ಎಷ್ಟು ದಿನದಿಂದ?"

"ಮೂರು ತಿಂಗಳಾತು. ಆಕಿ ಮುಂದ ಅನಬ್ಯಾಡ್ರಿ. ಯಾರ ಮುಂದೂ ಅನಬ್ಯಾಡ್ರಿ. ಗೊತ್ತಾತಂದ್ರ ಆಕಿಗೆ ತುತ್ತು ಇಳಿಯಲ್ಲ. ಆಣಿ ಮಾಡ್ರಿ."

"ಇಲ್ಲ ಬಿಡವ್ವಾ, ಅನ್ನಲ್ಲ" ಅಂದರಂತೆ ಸಿಸ್ಟರು.

ಅವತ್ತು ಮೂರು ಗಂಟೆಗೆ ಅವರು ನನ್ನ ಮೇಜಿನ ಹತ್ತಿರ ಬಂದದ್ದು ನನಗೆ ನಿನ್ನೆ ನಡೆದಷ್ಟು ಸ್ಪಷ್ಟವಾಗಿದೆ. ಆ ವಾರದ ಫಾರಮ್ಮುಗಳೆಲ್ಲ ನನ್ನ ಮುಂದೆ ಇದ್ದವು, ಎರಡನೇ ಸುತ್ತಿನ ತಾಳೆಗೆ ಜೋಡಿಸುತ್ತಿದ್ದೆ. "ಆರನೇ ಮಂಚದ ಫಾರಂ ಕೊಡ್ರಿ ಇಲ್ಲಿ" ಅಂದರು. ಕೊಟ್ಟೆ. ಪೆನ್ನಿನ ಮುಚ್ಚಳ ತೆಗೆದರು. ಒಂದು ಗೀಟು ಎಳೆದು ಇನ್ನೊಂದು ಕಡೆ ಗುರುತು ಹಾಕುವ ಕೆಲಸ ಅಷ್ಟೇ ಇತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಏನ್ ಸಿಸ್ಟರ್, ಉಜ್ಜಿನಪ್ಪನ ತಕ್ಕಡೀನೂ ತಪ್ಪತೈತೇನು? ಈ ಸಲ ಇಪ್ಪತ್ತಕ್ಕ ಹತ್ತೊಂಬತ್ತು ಅಂತ ಬರಕಳ್ಲೇನು?" ಅಂತ ನಕ್ಕೆ.

ಅವರು ನಗಲಿಲ್ಲ. ಫಾರಮ್ಮನ್ನು ಸ್ವಲ್ಪ ಹೊತ್ತು ನೋಡಿದರು. ಮುಚ್ಚಳ ಮತ್ತೆ ಹಾಕಿದರು. "ಏನಿಲ್ಲ ಬಿಡ್ರಿ. ಎತ್ತರ ಬರದೀನೋ ಇಲ್ಲೋ ನೋಡಾಕ ಬಂದಿದ್ದೆ" ಅಂದು ವಾಪಸು ಕೊಟ್ಟರು. ನಾನು ಅದನ್ನು ಜೋಡಿಸಿ, ಪಿನ್ನು ಹೊಡೆದು, ಕಪಾಟಿಗಿಟ್ಟೆ.

ಮರುದಿನ ಆಪರೇಷನ್ ಆಯಿತು. ಸುಸೂತ್ರವಾಗಿಯೇ ಆಯಿತು. ಏಳನೇ ದಿನ ಬೆಳಗ್ಗೆ ಗಾದೆಮ್ಮ ಕೆಮ್ಮಿದಳು, ಹೊಲಿಗೆ ಬಿಚ್ಚಿಕೊಂಡಿತು. ಗಾಯ ಒಂದಿಷ್ಟೂ ಕೂಡಿರಲಿಲ್ಲ, ನಿನ್ನೆ ಕೊಯ್ದ ಹಾಗೆ ಇತ್ತಂತೆ. ಮತ್ತೆ ಹೊಲಿದರು, ಕೀವು ಕಟ್ಟಿತು, ಜ್ವರ ಏರಿತು. ಡಾಕ್ಟರು ಗಂಗಪ್ಪನನ್ನು ಕರೆಸಿ ಹಳೆಯ ಚೀಟಿ ಏನಾದರೂ ಇದ್ದರೆ ತಾ ಅಂದರು. ಅವನು ಬೇಸಿಗೆಯಲ್ಲಿ ಯಾವುದೋ ಆರೋಗ್ಯ ಶಿಬಿರದಲ್ಲಿ ತಾಯಿಗೆ ಬರೆದುಕೊಟ್ಟ ಚೀಟಿ ತಂದ. ಅದರಲ್ಲಿ ತೂಕ ಎಪ್ಪತ್ತೊಂದು ಅಂತ ಇತ್ತು.

ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. ಕೆಟ್ಟ ಮನುಷ್ಯ ಅಲ್ಲ ಅವರು, ಆದರೆ ಆ ಸಿಟ್ಟನ್ನು ವಾರ್ಡಿನ ನಡುವೆಯೇ ಉಗಿದರು. "ಹದಿನೈದು ಕೆಜಿ ಇಳಿದಿದ್ದಾರೆ ನಿಮ್ಮ ತಾಯಿ! ಮೂರು ತಿಂಗಳಿಂದ ಹೊಟ್ಟೆಗೆ ಸರಿಯಾಗಿ ಏನೂ ಬಿದ್ದಿಲ್ಲ. ಮನೇಲಿ ಅನ್ನ ಹಾಕೋರು ಯಾರೂ ಇರಲಿಲ್ವೇನ್ರೀ?" ಇಪ್ಪತ್ತು ಜನ ಕೇಳಿಸಿಕೊಂಡರು. ಎಲ್ಲರ ಕಣ್ಣೂ ಮಾಳಮ್ಮನ ಮೇಲೆ ಹೋಯಿತು. ಅವಳು ಗೋಡೆಗೆ ಒರಗಿ ನಿಂತಿದ್ದಳು. ಗಾದೆಮ್ಮನಿಗೆ ಆಗಲೇ ಎಚ್ಚರ ಇರಲಿಲ್ಲ.

ಹನ್ನೊಂದನೇ ದಿನ ನಡು ಮಧ್ಯಾಹ್ನ ಗಾದೆಮ್ಮ ತೀರಿಕೊಂಡಳು. ಡಾಕ್ಟರು ಫಾರಂ ತರಿಸಿ ನೋಡಿ, ಸಿಸ್ಟರಿಗೆ ಹೇಳಿದರು: "ನಿಮ್ಮ ತಪ್ಪೇನಿಲ್ಲ ಸಿಸ್ಟರ್. ಪೇಷಂಟ್ ಸುಳ್ಳು ಹೇಳಿದ್ದಾರೆ, ನೀವು ಬರೆದಿದ್ದೀರಿ." ಸಿಸ್ಟರು ತಲೆ ತಗ್ಗಿಸಿ ನಿಂತಿದ್ದರು. ಪಾಪ, ನೊಂದಿದ್ದಾರೆ ಅಂದುಕೊಂಡೆ ನಾನು.

ಅಲ್ಲಿಂದ ಅವರು ತೂಕದ ಪಂದ್ಯ ಬಿಟ್ಟರು. ನಾನು ಒಂದೆರಡು ಸಲ ಕೆಣಕಿದೆ. "ನನ್ನ ಕಣ್ಣಿಗೆ ಏನೂ ಕಾಣಂಗಿಲ್ಲ ಪಾಲಾಕ್ಷಪ್ಪಾರ" ಅಂದರು. ಆಸ್ಪತ್ರೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಊಟದ ಗಾಡಿ ಬರುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ವಾರ್ಡಿಗೆ ಹೋಗಿ, ಮಂಚದಿಂದ ಮಂಚಕ್ಕೆ ಕುರ್ಚಿ ಎಳೆದುಕೊಂಡು, ರೋಗಿಗಳ ಬಾಯಿಯನ್ನೇ ನೋಡುತ್ತ ಕೂರುವರು. ಪಾಪ, ಅವರಿಗೆ ನುಂಗುವುದೇ ಕಷ್ಟ ಆಗುತ್ತಿತ್ತು. ಖಾಲಿ ತಟ್ಟೆ ಕಂಡರೆ ಸಿಸ್ಟರಿಗೆ ನಂಬಿಕೆ ಇಲ್ಲ. ಮಂಚದ ಕೆಳಗೆ ಬಗ್ಗಿ ನೋಡುವರು, ಕಿಟಕಿ ಹೊರಗೆ ಇಣುಕುವರು. ಆರನೇ ಮಂಚಕ್ಕೆ ಯಾರನ್ನೂ ಹಾಕಗೊಡುತ್ತಿರಲಿಲ್ಲ. ಜಾಗ ಇಲ್ಲ ಅಂದರೆ ನೆಲಕ್ಕೆ ಹಾಸಿಗೆ ಹಾಸುವರು.

ಫಾರಂ ತುಂಬುವ ರೀತಿಯೂ ಬದಲಾಯಿತು. ಮೊದಲು ಮನೆಯವರನ್ನೆಲ್ಲ ಹೊರಗೆ ಅಟ್ಟಿ ಬಾಗಿಲು ಹಾಕುವರು. ಬಟ್ಟೆಯ ಹೊಲಿಗೆ ತಿರುವಿ ನೋಡುವರು, ಬಳೆ ಎಲ್ಲಿಗೆ ಏರುತ್ತದೆ ಅಂತ ಮೊಳಕೈವರೆಗೆ ಸರಿಸಿ ನೋಡುವರು, ಆಮೇಲೆ ದನಿ ತಗ್ಗಿಸಿ ಕೇಳುವರು. ಮೊದಲೆಲ್ಲ ಮೂವತ್ತು ಫಾರಂಗೆ ಎರಡೋ ಮೂರೋ "ಹೌದು" ಇರುತ್ತಿತ್ತು. ಈಗ ಮೂವತ್ತಕ್ಕೆ ಹನ್ನೊಂದು, ಹನ್ನೆರಡು. ಡಾಕ್ಟರು ಗಾಬರಿಯಾಗಿ "ಏನ್ರೀ ಇದು, ಊರಿಗೆ ಊರೇ ಉಪವಾಸಾನಾ?" ಅಂದರು. ಅವೇ ಹಳ್ಳಿಗಳು, ಅದೇ ಜನ. ಮೊದಲೂ ಹಸಿದೇ ಬರುತ್ತಿದ್ದರು, ನಾವು ಕೇಳಿದ ರೀತಿಗೆ ಉಂಡವರಾಗಿದ್ದರು ಅಷ್ಟೇ. ಹಾಗೆ ಸಿಕ್ಕವರಿಗೆಲ್ಲ ಮೊದಲು ಉಣಿಸಿ ಆಮೇಲೆ ಕೊಯ್ದರು, ಒಬ್ಬರ ಹೊಲಿಗೆಯೂ ಬಿಚ್ಚಲಿಲ್ಲ. ಡಾಕ್ಟರು ಹೊಗಳಿದಾಗ ಸಿಸ್ಟರು ಎದ್ದು ಹೊರಗೆ ಹೋದರು.

ಒಂದು ದಿನ ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ಕೇಳಿದರು: "ಹಿಂದಿನ ನಳದಾಗ ಯಾರೋ ಗಂಗಾಳ ತಿಕ್ಕಾಕತ್ಯಾರ, ಕೇಳಸ್ತೈತೇನು ನಿಮಗ?"

ನನಗೆ ಕೇಳಿಸಲಿಲ್ಲ. "ಯಾರೋ ಪೇಷಂಟ್ ಕಡೇರು ಇರಬೇಕು" ಅಂದೆ. ಆಮೇಲೆ ದಿನವೂ ಕೇಳತೊಡಗಿದರು. ಒಂದು ದಿನ ನನಗೂ ಕೇಳಿಸಿತು. ಸುಳ್ಳಲ್ಲ. ಬೂದಿ ಹಾಕಿ ಸ್ಟೀಲಿನ ತಟ್ಟೆಯನ್ನು ಗುಂಡಗೆ ಗುಂಡಗೆ ತಿಕ್ಕುವ ಸದ್ದು, ಅವಸರ ಇಲ್ಲದ್ದು. ಎದ್ದು ಹೋದೆ. ಬಿಸಿಲಿಗೆ ಕಲ್ಲು ಕಾದಿತ್ತು. ನಳದಲ್ಲಿ ಆ ವಾರ ನೀರೇ ಬಂದಿರಲಿಲ್ಲ, ಬುಡದ ಪಾಚಿ ಒಣಗಿ ಬಿರುಕು ಬಿಟ್ಟಿತ್ತು. ಸುತ್ತ ಒಂದು ನರಪಿಳ್ಳೆ ಇಲ್ಲ. ತಿರುಗಿ ನೋಡಿದರೆ ಸಿಸ್ಟರು ವಾರ್ಡಿನ ಹಿಂಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವತ್ತಿನಿಂದ ನಾನು ಮಧ್ಯಾಹ್ನದ ಬುತ್ತಿಯನ್ನು ಹೊರಗೆ ಬಸ್ ಸ್ಟಾಪಿನಲ್ಲಿ ಕೂತು ತಿನ್ನತೊಡಗಿದೆ.

ಮುಂದಿನ ವರ್ಷ ದೀಪಾವಳಿ ಕಳೆದ ಮೇಲೆ ಹಲವಾಗಲಿನ ಒಬ್ಬ ಹೆಂಗಸು ಕೈಮುರಿತಕ್ಕೆ ಬಂದಳು. ಸಿಸ್ಟರು ಪಟ್ಟಿ ಕಟ್ಟುತ್ತ ಗಾದೆಮ್ಮನ ಮನೆಯವರು ಹೇಗಿದ್ದಾರೆ ಅಂತ ವಿಚಾರಿಸಿದರು.

"ಅಯ್ಯ, ಆ ಮಾಳವ್ವನ ಸುದ್ದಿ ಕೇಳ್ತೀರೇನ್ರಿ? ಅತ್ತೀನ ಉಪಾಸ ಕೆಡವಿ ಕೊಂದಾಕಿ. ಡಾಕ್ಟರೇ ಹೇಳ್ಯಾರಂತ. ಆಕಿ ಕೈಲಿ ಓಣ್ಯಾಗ ಯಾರೂ ಒಂದು ತುತ್ತು ಉಣ್ಣಲ್ಲ, ನೀರು ಸೈತ ಮುಟ್ಟಲ್ಲ. ಕೂಸಿಗೆ ಹೆಸರಿಡೋ ದಿನ ಕೊಪ್ಪರಿಗಿ ತುಂಬ ಅಡಗಿ ಮಾಡಿದ್ಲು, ಒಬ್ಬರೂ ಹೋಗಲಿಲ್ಲ. ಆಕಿ ಗಂಡನ ಅಕ್ಕ ಕೆಂಚಕ್ಕ ಪಕ್ಕದ ಮನ್ಯಾಕಿ, ಆಕೀನೂ ಹೋಗಲಿಲ್ಲ."

ಸಿಸ್ಟರು ಪಟ್ಟಿಯನ್ನು ಅರ್ಧಕ್ಕೆ ಬಿಟ್ಟು ನನ್ನ ಮೇಜಿಗೆ ಬಂದು ಕೂತರು. ಅವತ್ತೇ ಎಲ್ಲ ಹೇಳಿದ್ದು: ಕುಬಸದ ಹೊಲಿಗೆ, ಎಮ್ಮೆ, ಮಾಡಿದ ಆಣೆ, ಕೈಗೆ ತೆಗೆದುಕೊಂಡು ತಿದ್ದದೆ ಕೊಟ್ಟ ಫಾರಂ. "ಸತ್ತಾಕಿಗೆ ಕೊಟ್ಟ ಮಾತು ಅಂತ ನನಗ ನಾನಽ ಹೇಳಿಕ್ಯಂತ ಬಂದೆ. ಸುಳ್ಳು. ಇಪ್ಪತ್ತಕ್ಕ ಇಪ್ಪತ್ತು ಕೆಡತೈತಿ ಅಂತ ಸುಮ್ಮನಾದೆ" ಅಂದರು. ನನ್ನ ನಗೆಯ ಮಾತನ್ನು ಅವರು ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

"ಆ ಹುಡಿಗಿ ಹೆಸರು ಉಳೀಬೇಕು. ನಾಳೆ ಹಲವಾಗಲಕ ಹೋಗ್ತೀನಿ" ಅಂದರು.

"ನೌಕರಿ ಹೋಗತೈತ್ರಿ ಸಿಸ್ಟರ್."

"ಹೋಗ್ಲಿ."

ನಾನೂ ಹೋದೆ. ಹರಪನಹಳ್ಳಿಯಿಂದ ಬಸ್ಸು. ಜನ ನಂಬಲಿ ಅಂತ ಸಿಸ್ಟರು ಬೇಕಂತಲೇ ಬಿಳಿ ಯೂನಿಫಾರ್ಮಿನಲ್ಲಿ ಬಂದಿದ್ದರು. ಹಲವಾಗಲಲ್ಲಿ ಇಳಿದಾಗ ಹನ್ನೆರಡು ದಾಟಿತ್ತು. ಬಿಳಿ ಸೀರೆ ಕಂಡು ಓಣಿಯ ಹೆಂಗಸರೆಲ್ಲ ಹಿಂದೆ ಬಂದರು. ಮಾಳಮ್ಮ ಬಾಗಿಲಿಗೆ ಬಂದಳು, ಸೊಂಟದ ಮೇಲೆ ವರ್ಷದ ಹೆಣ್ಣುಕೂಸು. ಆ ವಾರ್ಡಿನ ಹುಡುಗಿಯೇ ಅಂತ ನನಗೆ ಗುರುತು ಹತ್ತಲಿಲ್ಲ, ಕಣ್ಣು ಒಳಗೆ ಹೋಗಿದ್ದವು. ಒಳಗೆ ಬರಲು ಕರೆದಳು. ಸಿಸ್ಟರು ಒಳಗೆ ಹೋಗಲಿಲ್ಲ, ಹೊರಗಿನ ಕಟ್ಟೆ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತರು.

"ಕೆಂಚಕ್ಕ ಅಂದ್ರ ಯಾರವ್ವಾ? ಮುಂದ ಬಾ. ಎಲ್ಲಾರೂ ಕೇಳ್ರಿ" ಅಂದರು. ದನಿ ವಾರ್ಡಿನಲ್ಲಿ ಬೈಯುವಾಗಿನ ದನಿಯೇ. ಒಂದನ್ನೂ ಬಿಡದೆ ಹೇಳಿದರು. ತಮ್ಮ ತಪ್ಪನ್ನು ಮೊದಲು ಹೇಳಿದರು, ಆಮೇಲೆ ಗಾದೆಮ್ಮ ಆಡಿದ ಮಾತನ್ನು ಅವಳು ಆಡಿದ ಹಾಗೆಯೇ ಹೇಳಿದರು. "ಈ ಹುಡಿಗಿ ಉಪಾಸ ಹಾಕಲಿಲ್ಲ. ಈಕಿ ಉಣ್ಣಲಿ ಅಂತ ಆಕಿ ಉಂಡಂಗ ಮಾಡಿದ್ಲು. ನನಗ ಗೊತ್ತಿತ್ತು. ನಾ ಬಾಯಿ ಬಿಡಲಿಲ್ಲ."

ಕೆಂಚಕ್ಕ ನೆಲಕ್ಕೆ ಕುಸಿದು ಕೂತು ಅಳತೊಡಗಿದಳು. ಮಾಳಮ್ಮ ಅಳಲಿಲ್ಲ. ಸಿಸ್ಟರ ಮುಂದೆ ಬಂದು ನಿಂತಳು.

"ಮೂರು ತಿಂಗಳು ಎಮ್ಮಿಗೆ ಹಾಕಿದ್ಲೇನ್ರಿ?"

"ಹೌದವ್ವಾ."

"ಅತ್ತಿದು ಆತು ಅಂತ ನಾ ದಿನಾ ಎಲ್ಡು ರೊಟ್ಟಿ ಹೆಚ್ಚಿಗಿ ಉಂತಿದ್ದೆ." ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಕೇಳಿದಳು, "ಆಪರೇಷನ್ನಿನ ಹಿಂದಿನ ದಿನಾನಽ ನಿಮಗ ಗೊತ್ತಿತ್ತು. ಅವತ್ತು ಹೇಳಿದ್ರ ಉಳೀತಿದ್ಲೇನ್ರಿ?"

ಸುಳ್ಳು ಹೇಳಿ ಸಿಸ್ಟರ್, ಶಿವನ ಕೈಯಲ್ಲಿತ್ತು ಅಂತ ಹೇಳಿ, ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಉಳೀತಿದ್ಲು" ಅಂದರು ಸಿಸ್ಟರು. "ಹದಿನೈದು ದಿನ ಉಣಿಸಿ ಕೊಯ್ದಿದ್ರ ಉಳೀತಿದ್ಲು."

ಮಾಳಮ್ಮ ಕೂಸನ್ನು ಕೆಂಚಕ್ಕನ ಮಡಿಲಿಗೆ ಹಾಕಿ ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿಸಿತು. ಹೊರಗೆ ಬಂದಾಗ ಕೈಯಲ್ಲಿ ತಟ್ಟೆ ಇತ್ತು, ಜೋಳದ ರೊಟ್ಟಿ, ಪುಂಡಿಪಲ್ಯೆ, ಖಾರದ ಹಿಂಡಿ. ಕೆಂಚಕ್ಕನ ಮುಂದೆ ಇಟ್ಟು "ಉಣ್ಣಕ್ಕ" ಅಂದಳು. ಕೆಂಚಕ್ಕ ಅಳುತ್ತಲೇ ತುತ್ತು ಮುರಿದಳು. ಮತ್ತೊಂದು ತಟ್ಟೆ ಪಕ್ಕದವಳಿಗೆ. ಮತ್ತೊಂದು ಆಚೆಯವಳಿಗೆ. ತಟ್ಟೆ ಮುಗಿದಾಗ ರೊಟ್ಟಿಯ ಮೇಲೆಯೇ ಪಲ್ಯೆ ಇಟ್ಟು ಕೈಗೆ ಕೊಟ್ಟಳು. ಒಲೆ ಹೊತ್ತಿಸಿ ಮತ್ತೆ ರೊಟ್ಟಿ ಬಡಿದು ತಂದಳು. ಒಂದು ವರ್ಷದಿಂದ ಅವಳ ಮನೆಯ ನೀರು ಮುಟ್ಟದ ಓಣಿ ಅವತ್ತು ಕಟ್ಟೆಯ ತುಂಬ ಕೂತು ಉಂಡಿತು. ಎಲ್ಲರಿಗೂ ಕೊಟ್ಟಳು. ನಮ್ಮಿಬ್ಬರಿಗೆ ಕೊಡಲಿಲ್ಲ. ಕೆಂಚಕ್ಕ ನಮ್ಮ ಕಡೆ ಕೈ ತೋರಿಸಿ ಏನೋ ಅನ್ನಲು ಹೋದಳು. ಮಾಳಮ್ಮ "ಬ್ಯಾಡ" ಅಂದಳು. ಊಟದ ಹೊತ್ತಿನಲ್ಲಿ ಬಾಗಿಲಿಗೆ ಬಂದವರನ್ನು ಹಾಗೆ ಕೂರಿಸಿದ್ದನ್ನು ನಾನು ಈ ಸೀಮೆಯಲ್ಲಿ ಮತ್ತೆಲ್ಲೂ ಕಂಡಿಲ್ಲ. ಸಿಸ್ಟರು ಏಳಲಿಲ್ಲ. ಕೊನೆಯ ಹೆಂಗಸು ಕೈ ತೊಳೆಯುವವರೆಗೂ ನೆಟ್ಟಗೆ ಕೂತಿದ್ದು, ಆಮೇಲೆ ಎದ್ದು, ಮಾಳಮ್ಮನಿಗೆ ಕೈ ಮುಗಿದು ಹೊರಟರು.

ಬಸ್ಸಿನ ಕಟ್ಟೆಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಅಷ್ಟೆಲ್ಲ ಹೇಳಿದ್ರೂ ಒಂದು ಲೋಟ ನೀರು ಕೊಡಲಿಲ್ಲ ನೋಡ್ರಿ" ಅಂದೆ.

"ಕೊಡಬಾರದು, ಕೊಡಲಿಲ್ಲ" ಅಂದರು. ರಸ್ತೆಯ ಕೊನೆಯಲ್ಲಿ ಬಸ್ಸಿನ ಧೂಳು ಏಳುತ್ತಿತ್ತು. ಸಿಸ್ಟರು ಬಂದ ಓಣಿಯ ಕಡೆಗೇ ನೋಡುತ್ತಿದ್ದರು. "ಎಲ್ಲಾರಿಗೂ ನೀಡಿದ್ಲು, ಖರೇ. ಆಕಿ ಉಂಡಳೇನು ಪಾಲಾಕ್ಷಪ್ಪಾರ? ನೀವು ನೋಡಿದ್ರೇನು?"

ನಾನು ನೋಡಿರಲಿಲ್ಲ. ಬಸ್ಸು ಬಂದು ನಿಂತಿತು. ಹತ್ತಿ ಕೂತು ಕಿಟಕಿಯಿಂದ ಕರೆದೆ. ಅವರಾಗಲೇ ಆ ಬಿಸಿಲಿನಲ್ಲಿ ವಾಪಸು ಓಣಿಯೊಳಗೆ ನಡೆಯುತ್ತಿದ್ದರು.